ಡೆಬಿಯನ್ 12, ಮಾಟೆ: ಇನ್‌ಸ್ಟಾಲ್ ಆಗುವಾಗ ಮಾತನಾಡಿದ ಕಂಪ್ಯೂಟರ್ ಡೆಸ್ಕ್‌ಟಾಪ್‌ಗೆ ಬಂದೊಡನೆ ಮೂಕವಾಗುತ್ತದೆ

ಪ್ರಶ್ನೆ: ಹಂಚಿನಮನೆ

ನಮಸ್ಕಾರ. ಸಾಗರದಲ್ಲಿರುವ ನನ್ನ ಸೋದರಮಾವ ಪ್ರೌಢಶಾಲೆಯ ಶಿಕ್ಷಕರಾಗಿದ್ದು ನಿವೃತ್ತರಾದವರು. ಗ್ಲಾಕೋಮಾದಿಂದ ಅವರ ಎರಡೂ ಕಣ್ಣುಗಳ ದೃಷ್ಟಿ ಹೋಗಿ ನಾಲ್ಕು ವರ್ಷವಾಯಿತು. ಅವರ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಕಳೆದ ತಿಂಗಳು ಡೆಬಿಯನ್ 12 ಎಂಬ ಲಿನಕ್ಸ್ ಹಾಕಿ, ಮಾಟೆ ಎಂಬ ಡೆಸ್ಕ್‌ಟಾಪನ್ನು (ಕಿಟಕಿ, ಮೆನುಗಳಿರುವ ಪರದೆಯನ್ನು) ಆರಿಸಿ, ಪರದೆಯ ಮೇಲಿರುವುದನ್ನು ಓದಿ ಹೇಳುವ ಓರ್ಕಾವನ್ನು ಹೊಂದಿಸಿಕೊಟ್ಟೆ. ಬೂಟ್ ಮೆನು ಬಂದಾಗ ಎಸ್ ಕೀಲಿ ಒತ್ತಿ ಎಂಟರ್ ಕೊಟ್ಟರೆ ಇನ್‌ಸ್ಟಾಲರೇ ಮಾತನಾಡುತ್ತದೆ ಎಂದು ಕೇಳಿದ್ದೆ. ಹಾಗೆಯೇ ಮಾಡಿದೆ. ಮಾವ ಪಕ್ಕದಲ್ಲಿ ಕುಳಿತು ಪ್ರತಿಯೊಂದು ಪ್ರಶ್ನೆಯನ್ನೂ ತಾವೇ ಕೇಳಿಸಿಕೊಂಡು ಉತ್ತರಗಳನ್ನು ಬಹುಪಾಲು ತಾವೇ ಬೆರಳಚ್ಚಿಸಿದರು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು.

ತೊಂದರೆ ಶುರುವಾದದ್ದು ಮೊದಲ ಲಾಗಿನ್ ಆದ ಮೇಲೆ. ಡೆಸ್ಕ್‌ಟಾಪ್ ಬರುತ್ತದೆ, ಓರ್ಕಾ ಚಾಲನೆಯಲ್ಲಿರುವುದು ನನಗೆ ಪರದೆಯಲ್ಲಿ ಕಾಣುತ್ತದೆ, ಆದರೆ ಒಂದು ಶಬ್ದವೂ ಹೊರಡುವುದಿಲ್ಲ. ಸೌಂಡ್ ಸೆಟ್ಟಿಂಗ್ ತೆರೆದರೆ ಔಟ್‌ಪುಟ್ ಪಟ್ಟಿಯಲ್ಲಿ ಇರುವುದು ‘ಡಮ್ಮಿ ಔಟ್‌ಪುಟ್’ ಒಂದೇ. ಫೈರ್‌ಫಾಕ್ಸ್‌ನಲ್ಲಿ ಹಾಡು ಹಾಕಿದರೂ ಮೌನವೇ. ಆದರೆ ಕಂಟ್ರೋಲ್, ಆಲ್ಟ್, ಎಫ್2 ಒತ್ತಿ ಕಪ್ಪು ಪರದೆಯ ಕನ್ಸೋಲಿಗೆ ಹೋದರೆ ಅದೇ ಸ್ಪೀಕರಿನಲ್ಲಿ ಧ್ವನಿ ಸ್ಪಷ್ಟವಾಗಿ ಬರುತ್ತದೆ. ‘ಲಾಗಿನ್’ ಎಂದು ಹೇಳುತ್ತದೆ, ಒತ್ತಿದ ಅಕ್ಷರಗಳನ್ನು ಓದುತ್ತದೆ. ಇನ್ನೂ ವಿಚಿತ್ರವೆಂದರೆ, ಐದಾರು ಸಲ ರೀಬೂಟ್ ಮಾಡಿದರೆ ಒಂದು ಸಲ ಡೆಸ್ಕ್‌ಟಾಪ್‌ನಲ್ಲೂ ಸದ್ದು ಬರುವುದುಂಟು, ಆ ದಿನ ಪೂರ್ತಿ ತೊಂದರೆಯಿಲ್ಲ.

ನಮಗಾದರೆ ಸದ್ದು ಹೋದರೆ ಹಾಡು ಹೋಯಿತು, ಅಷ್ಟೇ. ಮಾವನಿಗೆ ಸದ್ದು ಹೋದರೆ ಪರದೆಯೇ ಹೋದಂತೆ. ನಾನಿರುವುದು ಶಿವಮೊಗ್ಗದಲ್ಲಿ, ಭಾನುವಾರ ಮಾತ್ರ ಹೋಗಿ ಪರೀಕ್ಷಿಸಬಲ್ಲೆ; ಆದ್ದರಿಂದ ಉತ್ತರ ತಡವಾದರೆ ಕ್ಷಮಿಸಿ. ಇನ್ನೊಂದು ವಿನಂತಿ: ಈ ಚರ್ಚೆಯನ್ನು ಮಾವ ತಮ್ಮ ಫೋನಿನಲ್ಲಿ ಕನ್ನಡದ ಧ್ವನಿಯಿಂದ ಓದಿಸಿಕೊಂಡು ಕೇಳುತ್ತಿದ್ದಾರೆ. ಇಂಗ್ಲಿಷ್ ಅಕ್ಷರ ಬಂದಲ್ಲೆಲ್ಲ ಅದು ತಡವರಿಸುವುದರಿಂದ, ದಯವಿಟ್ಟು ಕಮಾಂಡುಗಳನ್ನೂ ಕನ್ನಡ ಲಿಪಿಯಲ್ಲೇ ಬರೆಯಿರಿ. ಬೆರಳಚ್ಚಿಸುವಾಗ ಇಂಗ್ಲಿಷಿಗೆ ತಿರುಗಿಸಿಕೊಳ್ಳುವುದು ನನ್ನ ಕೆಲಸ.

ಉತ್ತರ: ತಂತಿಪೆಟ್ಟಿಗೆ

ನಮಸ್ಕಾರ. ಮೊದಲು ಸುಲಭವಾದದ್ದನ್ನು ನೋಡಿಬಿಡೋಣ. ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ ಎಂದು ಕೊಟ್ಟು, ಎಫ್6 ಒತ್ತಿ ನಿಜವಾದ ಸೌಂಡ್ ಕಾರ್ಡನ್ನು ಆರಿಸಿಕೊಳ್ಳಿ. ಮಾಸ್ಟರ್, ಫ್ರಂಟ್ ಮುಂತಾದ ಕಂಬಗಳ ಬುಡದಲ್ಲಿ ‘ಎಂಎಂ’ ಎಂದಿದ್ದರೆ ಆ ದಾರಿ ಮುಚ್ಚಿದೆ ಎಂದರ್ಥ. ಎಂ ಕೀಲಿ ಒತ್ತಿದರೆ ಅದು ‘ಓಓ’ ಆಗುತ್ತದೆ. ಡೆಸ್ಕ್‌ಟಾಪ್ ಪೆಟ್ಟಿಗೆಗಳಲ್ಲಿ ‘ಆಟೋ ಮ್ಯೂಟ್ ಮೋಡ್’ ಎಂಬುದೊಂದಿರುತ್ತದೆ. ಮುಂಭಾಗದ ಹೆಡ್‌ಫೋನ್ ರಂಧ್ರದ ತಂತಿ ಸಡಿಲವಾಗಿದ್ದರೆ ಹೆಡ್‌ಫೋನ್ ಸೇರಿಸಿದ್ದಾರೆಂದು ಭ್ರಮಿಸಿ ಹಿಂಭಾಗದ ಸ್ಪೀಕರನ್ನು ಅದು ಅಡಗಿಸಿಬಿಡುತ್ತದೆ. ಅದನ್ನು ಡಿಸೇಬಲ್ ಮಾಡಿ ನೋಡಿ.

ಇದರಿಂದ ಆಗದಿದ್ದರೆ ಮಾವನವರ ಖಾತೆಯನ್ನು, ಸೌಂಡ್ ಕಾರ್ಡ್ ಬಳಸುವ ಅನುಮತಿಯಿರುವ ‘ಆಡಿಯೊ’ ಗುಂಪಿಗೆ ಸೇರಿಸಿ. ಅದೂ ಆಗದಿದ್ದರೆ, ಪ್ರೋಗ್ರಾಂಗಳ ಸದ್ದನ್ನು ಕಾರ್ಡಿಗೆ ಒಯ್ಯುವ ಪಲ್ಸ್‌ಆಡಿಯೊ ತೆಗೆದುಹಾಕಿ, ಅದೇ ಕೆಲಸ ಮಾಡುವ ಹೊಸ ಪೈಪ್‌ವೈರ್ ಹಾಕಿಕೊಳ್ಳಿ. ಬೇರೆ ಲಿನಕ್ಸ್‌ಗಳಲ್ಲಿ ಫೆಡೋರಾ 2021ರಲ್ಲೇ, 34ನೆಯ ಆವೃತ್ತಿಯಿಂದ, ಪೈಪ್‌ವೈರಿಗೆ ಬದಲಾಯಿತು, ಉಬುಂಟು 22.10ರಲ್ಲಿ ಬದಲಾಯಿತು. ಡೆಬಿಯನ್ 12 ಕೂಡ ಗ್ನೋಮ್ ಡೆಸ್ಕ್‌ಟಾಪ್‌ಗೆ ಅದನ್ನೇ ಕೊಡುತ್ತದೆ; ಮಾಟೆಯಂಥವು ಮಾತ್ರ ಇನ್ನೂ ಹಳೆಯದರಲ್ಲಿವೆ.

ಉತ್ತರ: ಬಯಲುಗಾಳಿ

ನನ್ನ ಲ್ಯಾಪ್‌ಟಾಪಿನಲ್ಲೂ ಇದೇ ‘ಡಮ್ಮಿ ಔಟ್‌ಪುಟ್’ ಬಂದಿತ್ತು. ಕಾರಣ ಫರ್ಮ್‌ವೇರ್, ಅಂದರೆ ಚಿಪ್ಪಿಗೆ ತುಂಬಬೇಕಾದ ತಂತ್ರಾಂಶ, ಇಲ್ಲದಿದ್ದದ್ದು. ಇತ್ತೀಚಿನ ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ, ಅದರಲ್ಲೂ ಒಳಗೇ ಡಿಜಿಟಲ್ ಮೈಕ್ ಇರುವವುಗಳಲ್ಲಿ, ಧ್ವನಿಯ ಕೆಲಸವನ್ನು ಡಿಎಸ್‌ಪಿ ಎಂಬ ಪ್ರತ್ಯೇಕ ಸಂಸ್ಕರಣಾ ಘಟಕ ನೋಡಿಕೊಳ್ಳುತ್ತದೆ. ಅದಕ್ಕೆ ಸೌಂಡ್ ಓಪನ್ ಫರ್ಮ್‌ವೇರ್ (ಎಸ್‌ಓಎಫ್) ಬೇಕು. ಡೆಬಿಯನ್‌ನಲ್ಲಿ ಆ ಪ್ಯಾಕೇಜಿನ ಹೆಸರು ‘ಫರ್ಮ್‌ವೇರ್-ಎಸ್‌ಓಎಫ್-ಸೈನ್ಡ್’. ಡೆಬಿಯನ್ 11ರವರೆಗೆ ಅದು ‘ನಾನ್-ಫ್ರೀ’ ವಿಭಾಗದಲ್ಲಿತ್ತು, 12ರಿಂದ ‘ನಾನ್-ಫ್ರೀ-ಫರ್ಮ್‌ವೇರ್’ ಎಂಬ ಹೊಸ ವಿಭಾಗಕ್ಕೆ ಹೋಗಿದೆ. ಪ್ಯಾಕೇಜುಗಳು ಎಲ್ಲಿಂದ ಬರಬೇಕೆಂದು ಹೇಳುವ ಸೋರ್ಸಸ್ ಪಟ್ಟಿಗೆ ಆ ವಿಭಾಗವನ್ನು ಸೇರಿಸಿ ಪ್ಯಾಕೇಜ್ ಹಾಕಿ ರೀಬೂಟ್ ಮಾಡಿದ ಮೇಲೆ ನನ್ನದು ಸರಿಹೋಯಿತು. ನಿಮ್ಮದು ಹಳೆಯ ಡೆಸ್ಕ್‌ಟಾಪ್ ಎಂದಿದ್ದೀರಿ, ಆದ್ದರಿಂದ ಇದು ಹೊಂದದೆಯೂ ಇರಬಹುದು. ಲಿನಕ್ಸಿನ ತಿರುಳಾದ ಕರ್ನಲ್‌ನ ಸಂದೇಶಗಳನ್ನು ತೋರಿಸುವ ‘ಡಿಎಂಇಎಸ್‌ಜಿ’ ಕಮಾಂಡಿನ ಉತ್ತರದಲ್ಲಿ ಎಸ್‌ಓಎಫ್ ಎಂಬ ಮಾತೇ ಬರದಿದ್ದರೆ ನನ್ನ ಉತ್ತರವನ್ನು ಪಕ್ಕಕ್ಕಿಡಿ.

ಹಂಚಿನಮನೆ

ಇಬ್ಬರಿಗೂ ವಂದನೆಗಳು. ಈ ಭಾನುವಾರ ಹೋಗಿದ್ದೆ. ಎಸ್‌ಓಎಫ್ ಎಂಬ ಮಾತು ಎಲ್ಲಿಯೂ ಇಲ್ಲ. ಇದು ಸಾದಾ ಎಚ್‌ಡಿಎ ಇಂಟೆಲ್ ಕಾರ್ಡ್, ರಿಯಲ್‌ಟೆಕ್ ಎಎಲ್‌ಸಿ662 ಚಿಪ್. ಆಲ್ಸಾಮಿಕ್ಸರಿನಲ್ಲಿ ಎಲ್ಲ ಕಂಬಗಳೂ ತೆರೆದೇ ಇವೆ, ಆಟೋ ಮ್ಯೂಟ್ ಡಿಸೇಬಲ್ ಆಗಿದೆ. ಮಾವನ ಖಾತೆಯನ್ನು ಆಡಿಯೊ ಗುಂಪಿಗೆ ಸೇರಿಸಿ ರೀಬೂಟ್ ಮಾಡಿದೆ, ಪ್ರಯೋಜನವಾಗಲಿಲ್ಲ. ಪೈಪ್‌ವೈರ್ ಹಾಕಲು ಧೈರ್ಯ ಸಾಲಲಿಲ್ಲ, ಏಕೆಂದರೆ ಅರ್ಧದಲ್ಲಿ ಕೆಟ್ಟರೆ ಮುಂದಿನ ಭಾನುವಾರದವರೆಗೆ ಅವರು ಸುಮ್ಮನೆ ಕುಳಿತಿರಬೇಕಾಗುತ್ತದೆ.

ಸೌಂಡ್ ಕಾರ್ಡುಗಳನ್ನು ಪಟ್ಟಿ ಮಾಡುವ ‘ಎಪ್ಲೇ -ಎಲ್’ ಕೊಟ್ಟಾಗ ಬಂದದ್ದು ಹೀಗಿದೆ: ಕಾರ್ಡ್ 0, ಎಚ್‌ಡಿಎ ಇಂಟೆಲ್, ಡಿವೈಸ್ 0, ಎಎಲ್‌ಸಿ662 ರೆವ್1 ಅನಲಾಗ್, ಸಬ್‌ಡಿವೈಸಸ್ 0/1. ಬೇರೆ ಯಾವುದೋ ಪ್ರೋಗ್ರಾಂ ಕಾರ್ಡನ್ನು ಹಿಡಿದುಕೊಂಡಿರಬಹುದೇ ಎಂದು ಅನುಮಾನಿಸಿ ‘ಫ್ಯೂಸರ್ -ವಿ /ಡೆವ್/ಎಸ್‌ಎನ್‌ಡಿ/*’ ಎಂದೂ ಕೊಟ್ಟು ನೋಡಿದೆ. ಪಲ್ಸ್‌ಆಡಿಯೊ ಕಂಟ್ರೋಲ್ ಕಡತವನ್ನು ತೆರೆದಿರುವುದು ಬಿಟ್ಟರೆ ಬೇರೇನೂ ತೋರಿಸಲಿಲ್ಲ.

ಉತ್ತರ: ಓದುಗಿವಿ

ನಾನೂ ಪರದೆ ಕಾಣದವಳೇ, ಹನ್ನೆರಡು ವರ್ಷಗಳಿಂದ ಲಿನಕ್ಸನ್ನು ಓರ್ಕಾ ಮೂಲಕವೇ ಬಳಸುತ್ತಿದ್ದೇನೆ. ನಿಮ್ಮ ಬರಹದಲ್ಲಿ ಎರಡು ಸುಳಿವುಗಳು ಆಗಲೇ ಸಿಕ್ಕಿವೆ. ಅವೆರಡನ್ನೂ ಜೋಡಿಸಿದರೆ ಸಾಕು.

ಮೊದಲನೆಯದು, ಕನ್ಸೋಲಿನಲ್ಲಿ ಧ್ವನಿ ಬರುತ್ತಿದೆ ಎಂಬುದು. ಅಂದರೆ ಸ್ಪೀಕರ್, ತಂತಿ, ಚಿಪ್, ಕರ್ನಲ್‌ನ ಡ್ರೈವರ್ ಎಲ್ಲವೂ ನೆಟ್ಟಗಿವೆ. ಫರ್ಮ್‌ವೇರ್, ಮ್ಯೂಟ್ ಇವುಗಳ ತಪಾಸಣೆ ಅಲ್ಲಿಗೇ ಮುಗಿಯಿತು. ಎರಡನೆಯದು ‘ಸಬ್‌ಡಿವೈಸಸ್ 0/1’ ಎಂಬ ಪುಟ್ಟ ಸಂಖ್ಯೆ. ಕಾರ್ಡ್ ಬಿಡುವಾಗಿದ್ದರೆ ಅದು 1/1 ಎಂದಿರುತ್ತದೆ: ಒಂದರಲ್ಲಿ ಒಂದು ಲಭ್ಯ. ನಿಮ್ಮಲ್ಲಿ ಒಂದರಲ್ಲಿ ಸೊನ್ನೆ ಲಭ್ಯ, ಅಂದರೆ ಆ ಕ್ಷಣದಲ್ಲಿ ಯಾರೋ ಅದರ ಮೇಲೆ ಕುಳಿತಿದ್ದಾರೆ. ನಿಮ್ಮ ಅನುಮಾನ ಸರಿಯಾಗಿಯೇ ಇತ್ತು. ಫ್ಯೂಸರನ್ನು ಸುಡೋ (ರೂಟ್, ಅಂದರೆ ನಿರ್ವಾಹಕರ ಅಧಿಕಾರ ಕೊಡುವ ಕಮಾಂಡ್) ಇಲ್ಲದೆ ಓಡಿಸಿದ್ದರಿಂದ ಕಳ್ಳ ಕಾಣಿಸಲಿಲ್ಲ, ಏಕೆಂದರೆ ಸಾಮಾನ್ಯ ಖಾತೆಯಿಂದ ಓಡಿಸಿದಾಗ ನಮ್ಮ ಸ್ವಂತ ಪ್ರೋಗ್ರಾಂಗಳು ತೆರೆದ ಕಡತಗಳನ್ನಷ್ಟೇ ಅದು ತೋರಿಸಬಲ್ಲದು; ರೂಟ್ ಓಡಿಸುತ್ತಿರುವುದು ಅದರ ಕಣ್ಣಿಗೆ ಬೀಳುವುದಿಲ್ಲ. ‘ಸುಡೋ ಫ್ಯೂಸರ್ -ವಿ /ಡೆವ್/ಎಸ್‌ಎನ್‌ಡಿ/*’ ಎಂದು ಮತ್ತೊಮ್ಮೆ ಕೊಡಿ. ಇಸ್ಪೀಕಪ್ ಎಂಬ ಹೆಸರು ಬರುತ್ತದೆ ಎಂದು ನನ್ನ ಊಹೆ.

ಇಸ್ಪೀಕಪ್ ಬಂದದ್ದು ನೀವು ಎಸ್ ಒತ್ತಿದ್ದರಿಂದ. ಮಾತನಾಡುವ ಇನ್‌ಸ್ಟಾಲರನ್ನು ಬಳಸಿದವರಿಗೆ ಮುಂದೆಯೂ ಧ್ವನಿ ಬೇಕಾಗುತ್ತದೆಂದು ತಿಳಿದು ಡೆಬಿಯನ್ ಅದನ್ನು ಹೊಸ ವ್ಯವಸ್ಥೆಯಲ್ಲೂ ಸೇರಿಸಿ, ಬೂಟ್ ಆದಾಗಲೇ ಶುರುವಾಗುವಂತೆ ಮಾಡುತ್ತದೆ. ಕರ್ನಲ್‌ನೊಳಗಿನ ಸ್ಪೀಕಪ್ ಎಂಬ ಕನ್ಸೋಲ್ ಓದುಗನನ್ನೂ ಇಸ್ಪೀಕ್-ಎನ್‌ಜಿ ಎಂಬ ಧ್ವನಿಯನ್ನೂ ಬೆಸೆಯುವ ಕೊಂಡಿ ಅದು. ಉದ್ದೇಶವೇನೋ ಒಳ್ಳೆಯದು, ಆದರೆ ಅದು ಸೌಂಡ್ ಕಾರ್ಡಿಗೆ ಮಾತನಾಡುವುದು ನೇರವಾಗಿ, ಕರ್ನಲ್‌ನ ಧ್ವನಿ ಪದರವಾದ ಆಲ್ಸಾ ಮೂಲಕ. ಡೆಸ್ಕ್‌ಟಾಪ್‌ನ ದಾರಿ ಬೇರೆ: ಓರ್ಕಾ ತಾನು ಓದಬೇಕಾದ ಪಠ್ಯವನ್ನು ಸ್ಪೀಚ್-ಡಿಸ್‌ಪ್ಯಾಚರಿಗೆ ಕೊಡುತ್ತದೆ, ಅದು ಇಸ್ಪೀಕ್-ಎನ್‌ಜಿಯಿಂದ ಧ್ವನಿಯನ್ನು ತಯಾರಿಸಿಕೊಂಡು ಪಲ್ಸ್‌ಆಡಿಯೊಗೆ ದಾಟಿಸುತ್ತದೆ, ಪಲ್ಸ್‌ಆಡಿಯೊ ಫೈರ್‌ಫಾಕ್ಸ್ ಮುಂತಾದ ಎಲ್ಲರ ಸದ್ದನ್ನೂ ಅದರೊಂದಿಗೆ ಕಲಸಿ ಆಲ್ಸಾ ಮೂಲಕ ಕಾರ್ಡಿಗೆ ಕಳುಹಿಸುತ್ತದೆ. ಹೀಗೆ ಕಲಸುವ ಕೆಲಸ ತನ್ನದೇ ಆದ್ದರಿಂದ ಪಲ್ಸ್‌ಆಡಿಯೊ ಕಾರ್ಡ್ ಪೂರ್ತಿಯಾಗಿ ತನಗೇ ಸಿಗಬೇಕೆಂದು ನಿರೀಕ್ಷಿಸುತ್ತದೆ. ಲಾಗಿನ್ ಆದ ಗಳಿಗೆಯಲ್ಲಿ ಕಾರ್ಡನ್ನು ತೆರೆಯಲು ಹೋಗಿ, ಇಸ್ಪೀಕಪ್ ಆಗಲೇ ಒಳಗಿರುವುದನ್ನು ಕಂಡು, ಬಳಸಬಹುದಾದ ಔಟ್‌ಪುಟ್ ಒಂದೂ ಇಲ್ಲವೆಂದು ತೀರ್ಮಾನಿಸುತ್ತದೆ. ಪ್ರೋಗ್ರಾಂಗಳು ಔಟ್‌ಪುಟ್ ಇಲ್ಲದೆ ಕುಸಿಯದಿರಲೆಂದು ಆಗ ಅದು ಒಂದು ಪೊಳ್ಳು ಔಟ್‌ಪುಟ್ಟನ್ನು ಸೃಷ್ಟಿಸುತ್ತದೆ. ನೀವು ಕಂಡ ‘ಡಮ್ಮಿ ಔಟ್‌ಪುಟ್’ ಅದೇ. ಓರ್ಕಾ ಪಾಪ ಇಡೀ ದಿನ ಆ ಪೊಳ್ಳಿನೊಳಗೆ ಮಾತನಾಡುತ್ತಲೇ ಇರುತ್ತದೆ.

ಬೂಟ್ ಆಗುವಾಗ ಕಾರ್ಡನ್ನು ಯಾರು ಮೊದಲು ತೆರೆಯುತ್ತಾರೆ ಎಂಬುದು ಪ್ರತಿ ಸಲವೂ ಒಂದೇ ಆಗಿರಬೇಕೆಂದಿಲ್ಲ. ಐದಾರು ಸಲಕ್ಕೊಮ್ಮೆ ಸದ್ದು ಬರುವುದು ಇದರಿಂದಲೇ. ಆ ದಿನ ಕಂಟ್ರೋಲ್, ಆಲ್ಟ್, ಎಫ್2 ಒತ್ತಿ ನೋಡಿದ್ದರೆ ಕನ್ಸೋಲ್ ಮೂಕವಾಗಿರುತ್ತಿತ್ತು.

ಪರೀಕ್ಷೆ ಹೀಗೆ ಮಾಡಿ. ‘ಸುಡೋ ಸಿಸ್ಟಮ್‌ಸಿಟಿಎಲ್ ಸ್ಟಾಪ್ ಇಸ್ಪೀಕಪ್’ ಕೊಟ್ಟು, ಅನಂತರ ಸುಡೋ ಇಲ್ಲದೆ, ಮಾವನವರ ಖಾತೆಯಿಂದಲೇ, ‘ಸಿಸ್ಟಮ್‌ಸಿಟಿಎಲ್ --ಯೂಸರ್ ರೀಸ್ಟಾರ್ಟ್ ಪಲ್ಸ್‌ಆಡಿಯೊ’ ಕೊಡಿ. ಎರಡನೆಯ ಹೆಜ್ಜೆಯನ್ನು ಬಿಡಬೇಡಿ, ಕಾರ್ಡ್ ಖಾಲಿಯಾಯಿತೆಂದು ಪಲ್ಸ್‌ಆಡಿಯೊಗೆ ತಾನಾಗಿ ತಿಳಿಯದೆಯೂ ಇರಬಹುದು. ಆಮೇಲೆ ‘ಎಸ್‌ಪಿಡಿ-ಸೇ -ಎಲ್ ಕೆಎನ್ ನಮಸ್ಕಾರ’ ಎಂದು ಕೊಟ್ಟರೆ ಇಸ್ಪೀಕ್-ಎನ್‌ಜಿಯ ಕನ್ನಡ ಧ್ವನಿಯಲ್ಲಿ ಉತ್ತರ ಬರಬೇಕು.

ಆಡಿಯೊ ಗುಂಪಿನ ಬಗ್ಗೆ ಒಂದು ಮಾತು. ಇಂದಿನ ಡೆಸ್ಕ್‌ಟಾಪುಗಳಲ್ಲಿ ಅದು ಬೇಕಿಲ್ಲ. ಪರದೆಯ ಮುಂದೆ ಲಾಗಿನ್ ಆಗಿರುವವರಿಗೆ ಲಾಗಿನ್‌ಗಳನ್ನು ನೋಡಿಕೊಳ್ಳುವ, ಸಿಸ್ಟಮ್‌ಡಿಯ ಭಾಗವಾದ ಲಾಗಿನ್‌ಡಿ ತಾನೇ ಅನುಮತಿ ಕೊಡುತ್ತದೆ. ಗುಂಪಿಗೆ ಸೇರಿಸಿದರೆ ಬೇರೊಬ್ಬರು ಲಾಗಿನ್ ಆಗಿದ್ದಾಗಲೂ ಈ ಖಾತೆಯ ಪ್ರೋಗ್ರಾಂಗಳು ಕಾರ್ಡನ್ನು ಹಿಡಿದುಕೊಳ್ಳಬಹುದು, ಅಂದರೆ ಇದೇ ಜಗಳ ಇನ್ನೊಂದು ರೂಪದಲ್ಲಿ. ತೆಗೆದುಬಿಡಿ.

ತಂತಿಪೆಟ್ಟಿಗೆ

ಗುಂಪಿನ ವಿಷಯದಲ್ಲಿ ನನ್ನದು ಹಳೆಯ ರೂಢಿ, ತಿದ್ದಿದ್ದಕ್ಕೆ ವಂದನೆ. ಆದರೂ ಒಂದು ಸಂದೇಹ: ಪೈಪ್‌ವೈರ್ ಹಾಕಿದ್ದರೆ ಈ ಜಗಳ ತಪ್ಪುತ್ತಿತ್ತಲ್ಲವೇ?

ಓದುಗಿವಿ

ತಪ್ಪುತ್ತಿರಲಿಲ್ಲ. ಪೈಪ್‌ವೈರ್ ಕೂಡ ಸೌಂಡ್ ಕಾರ್ಡನ್ನು ಆಲ್ಸಾ ಮೂಲಕ ನೇರವಾಗಿಯೇ ತೆರೆಯುತ್ತದೆ; ಬೇರೊಬ್ಬರು ಒಳಗಿದ್ದರೆ ಅದೂ ಬಾಗಿಲ ಹೊರಗೇ. ಸದ್ದು ಹೋದಾಗಲೆಲ್ಲ ಪಲ್ಸ್‌ಆಡಿಯೊವನ್ನು ಶಪಿಸುವುದು ನಮ್ಮಲ್ಲಿ ಬಹಳ ವರ್ಷಗಳ ಅಭ್ಯಾಸ. ಅದು 2008ರ ಉಬುಂಟು 8.04ರಲ್ಲಿ ಬಂದಾಗ ಆ ಶಾಪಕ್ಕೆ ಕಾರಣವಿತ್ತು, ಆದರೆ ಇಲ್ಲಿ ಅದರ ತಪ್ಪಿಲ್ಲ. ಯಾವ ಪದರದವರೆಗೆ ಸದ್ದು ಬರುತ್ತಿದೆ ಎಂದು ತಿಳಿಯದೆ ಮೇಲಿನ ಪದರವನ್ನು ಕಿತ್ತು ಹಾಕಿದ್ದರೆ ಹಂಚಿನಮನೆಯವರಿಗೆ ಒಂದು ತೊಂದರೆಯ ಜಾಗದಲ್ಲಿ ಎರಡಾಗುತ್ತಿದ್ದವು.

ಹಂಚಿನಮನೆ

ಊಹೆ ಅಕ್ಷರಶಃ ನಿಜವಾಯಿತು. ಸುಡೋ ಸೇರಿಸಿದ ಕೂಡಲೇ ರೂಟ್ ಹೆಸರಿನ ಮುಂದೆ ಇಸ್ಪೀಕಪ್ ಕಾಣಿಸಿತು. ತಾವು ಹೇಳಿದ ಎರಡೂ ಕಮಾಂಡುಗಳನ್ನು ಕೊಟ್ಟ ಮೇಲೆ ಔಟ್‌ಪುಟ್ ಪಟ್ಟಿಯಲ್ಲಿ ‘ಬಿಲ್ಟ್-ಇನ್ ಆಡಿಯೊ ಅನಲಾಗ್ ಸ್ಟೀರಿಯೊ’ ಬಂತು. ಒಮ್ಮೆ ಲಾಗೌಟ್ ಆಗಿ ಒಳಬಂದರೆ ಓರ್ಕಾ ಮಾತನಾಡಿತು. ಮಾವ ಕುರ್ಚಿಯಲ್ಲಿ ನೆಟ್ಟಗಾದರು.

ಇಸ್ಪೀಕಪ್ ಅನ್ನು ಶಾಶ್ವತವಾಗಿ ಡಿಸೇಬಲ್ ಮಾಡಿಬಿಡುತ್ತೇನೆ ಎಂದು ಹೇಳಿದಾಗ ಅವರು ಒಪ್ಪಲಿಲ್ಲ. ಅವರ ವಾದ ಹೀಗಿದೆ: ಡೆಸ್ಕ್‌ಟಾಪ್ ಎಂದಾದರೂ ಕೆಟ್ಟರೆ, ಅಪ್‌ಡೇಟ್ ಅರ್ಧಕ್ಕೆ ನಿಂತರೆ, ಏನಾಗಿದೆಯೆಂದು ಅವರಿಗೆ ಹೇಳುವವರು ಯಾರು? ಕನ್ಸೋಲಿನ ಧ್ವನಿ ಇದ್ದರೆ ನನಗೆ ಫೋನ್ ಮಾಡಿ ಅಲ್ಲಿ ಏನು ಬರೆದಿದೆಯೆಂದು ಅವರೇ ಓದಿ ಹೇಳಬಲ್ಲರು. ಎರಡನ್ನೂ ಉಳಿಸಿಕೊಳ್ಳುವ ದಾರಿ ಇದೆಯೇ?

ಓದುಗಿವಿ

ಮಾವನವರು ಹೇಳಿದ್ದು ಸರಿ. ನಾನೂ ಕನ್ಸೋಲಿನ ಧ್ವನಿಯನ್ನು ಬಿಟ್ಟುಕೊಟ್ಟವಳಲ್ಲ.

ಅಗ್ಗದ ದಾರಿಯೆಂದರೆ ‘ಸುಡೋ ಸಿಸ್ಟಮ್‌ಸಿಟಿಎಲ್ ಡಿಸೇಬಲ್ ಇಸ್ಪೀಕಪ್’ ಮಾಡಿ, ಅಗತ್ಯ ಬಿದ್ದಾಗ ಮಾತ್ರ ಕನ್ಸೋಲಿಗೆ ಹೋಗಿ ಸ್ಟಾರ್ಟ್ ಕೊಡುವುದು. ಆದರೆ ಅದಕ್ಕಾಗಿ ಬಳಕೆದಾರರ ಹೆಸರು, ಪಾಸ್‌ವರ್ಡ್, ಕಮಾಂಡ್, ಮತ್ತೊಮ್ಮೆ ಪಾಸ್‌ವರ್ಡ್ ಇಷ್ಟನ್ನೂ ಏನೂ ಕೇಳಿಸದೆಯೇ ಬೆರಳಚ್ಚಿಸಬೇಕು. ಅಭ್ಯಾಸವಿದ್ದವರಿಗೆ ಸಾಧ್ಯ, ಗಾಬರಿಯಲ್ಲಿದ್ದಾಗ ಕಷ್ಟ.

ನಾನು ಮಾಡಿಕೊಂಡಿರುವುದು ಬೇರೆ. ಕಾರ್ಡ್ ಒಂದೇ ಇರುವುದರಿಂದ ತಾನೇ ಈ ಕಿತ್ತಾಟ? ಒಂದು ಯುಎಸ್‌ಬಿ ಹೆಡ್‌ಸೆಟ್ಟನ್ನೋ ಹೆಬ್ಬೆರಳಿನಷ್ಟು ದೊಡ್ಡದಾದ ಯುಎಸ್‌ಬಿ ಸೌಂಡ್ ಕಾರ್ಡನ್ನೋ ಸೇರಿಸಿದರೆ ಅದು ಸ್ವತಂತ್ರವಾದ ಎರಡನೆಯ ಕಾರ್ಡ್ ಆಗುತ್ತದೆ. ಇಸ್ಪೀಕಪ್‌ಗೆ ಅದನ್ನು ಬಿಟ್ಟುಕೊಟ್ಟು, ಒಳಗಿನ ಕಾರ್ಡನ್ನು ಡೆಸ್ಕ್‌ಟಾಪ್‌ಗೆ ಉಳಿಸಬಹುದು. ‘ಕ್ಯಾಟ್ /ಪ್ರಾಕ್/ಎಸೌಂಡ್/ಕಾರ್ಡ್ಸ್’ ಕೊಟ್ಟರೆ ಪ್ರತಿ ಕಾರ್ಡಿನ ಸಂಖ್ಯೆ ಮತ್ತು ಚೌಕ ಆವರಣದಲ್ಲಿ ಅದರ ಗುರುತಿನ ಹೆಸರು ಬರುತ್ತವೆ. ಅನಂತರ ‘/ಇಟಿಸಿ/ಡಿಫಾಲ್ಟ್/ಇಸ್ಪೀಕಪ್’ ಕಡತದಲ್ಲಿ ಆಲ್ಸಾ_ಕಾರ್ಡ್ ಎಂಬ ಸಾಲಿಗೆ ಯುಎಸ್‌ಬಿ ಕಾರ್ಡಿನ ಹೆಸರನ್ನು ಕೊಡಿ. ಆ ಸಾಲಿನ ಎಡಭಾಗವೆಲ್ಲ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿರಬೇಕು. ಸಂಖ್ಯೆಯನ್ನು ಬರೆಯಬೇಡಿ, ಹೆಸರನ್ನೇ ಬರೆಯಿರಿ, ಏಕೆಂದರೆ ಇಂದು 1 ಆಗಿದ್ದ ಯುಎಸ್‌ಬಿ ಕಾರ್ಡ್ ನಾಳೆಯ ಬೂಟ್‌ನಲ್ಲಿ 0 ಆಗಬಹುದು, ಆಗ ಮತ್ತೆ ಮೊದಲಿನ ಕಥೆಯೇ. ಕೊನೆಯದಾಗಿ ಪಲ್ಸ್‌ಆಡಿಯೊದ ಹೊಂದಾಣಿಕೆಯ ಕಿಟಕಿಯಾದ ಪಾವುಕಂಟ್ರೋಲ್ ತೆರೆದು, ಕಾನ್ಫಿಗರೇಶನ್ ಪುಟದಲ್ಲಿ ಯುಎಸ್‌ಬಿ ಕಾರ್ಡಿನ ಪ್ರೊಫೈಲನ್ನು ‘ಆಫ್’ ಮಾಡಿ. ಇಲ್ಲದಿದ್ದರೆ ಪಲ್ಸ್‌ಆಡಿಯೊ ಹೊಸ ಕಾರ್ಡನ್ನೂ ತನ್ನದೆಂದುಕೊಂಡು ಅತ್ತ ವಾಲಬಹುದು. ಆ ಪುಟದಲ್ಲಿ ಯುಎಸ್‌ಬಿ ಕಾರ್ಡ್ ಕಾಣದಿದ್ದರೆ ಇಸ್ಪೀಕಪ್ ಒಮ್ಮೆ ನಿಲ್ಲಿಸಿ ಪಲ್ಸ್‌ಆಡಿಯೊ ರೀಸ್ಟಾರ್ಟ್ ಮಾಡಿ ನೋಡಿ.

ಹಂಚಿನಮನೆ

ಮೂರನೆಯ ಭಾನುವಾರದ ವರದಿ. ಆನ್‌ಲೈನ್ ತರಗತಿಗಳ ಕಾಲದಲ್ಲಿ ಮಗಳಿಗೆ ಕೊಡಿಸಿದ್ದ ಯುಎಸ್‌ಬಿ ಹೆಡ್‌ಸೆಟ್ ಮೂಲೆಯಲ್ಲಿ ಬಿದ್ದಿತ್ತು, ಅದನ್ನೇ ಒಯ್ದೆ. ಅದರ ಗುರುತಿನ ಹೆಸರು ಬರೀ ‘ಡಿವೈಸ್’ ಎಂದು ಬಂತು. ಇದು ಹೆಸರೋ ವಿವರಣೆಯೋ ಎಂದು ಸ್ವಲ್ಪ ಹೊತ್ತು ತಬ್ಬಿಬ್ಬಾದೆ, ಆದರೆ ಹಾಗೆಯೇ ಬರೆದದ್ದಕ್ಕೆ ಕೆಲಸ ಮಾಡಿತು. ಈಗ ಕನ್ಸೋಲ್ ಮಾತನಾಡುವುದು ಹೆಡ್‌ಸೆಟ್ಟಿನಲ್ಲಿ, ಓರ್ಕಾ ಮಾತನಾಡುವುದು ಸ್ಪೀಕರಿನಲ್ಲಿ. ಹತ್ತು ಸಲ ರೀಬೂಟ್ ಮಾಡಿ ನೋಡಿದೆವು, ಹತ್ತು ಸಲವೂ ಎರಡೂ ಬಂದವು. ‘ಎಪ್ಲೇ -ಎಲ್’ನಲ್ಲಿ ಒಳಗಿನ ಕಾರ್ಡಿಗೆ ಈಗ 1/1 ಎಂದು ಬರುತ್ತಿದೆ. ಓರ್ಕಾ ಮಾತನಾಡುತ್ತಿರುವಾಗ ನೋಡಿದರೆ ಮಾತ್ರ 0/1, ಅದು ಇರಬೇಕಾದದ್ದೇ ಎಂದುಕೊಂಡಿದ್ದೇನೆ.

ಉಳಿದದ್ದು ಒಂದು ಪ್ರಶ್ನೆ. ಮಾವ ಮೇಜು ಒರೆಸುವಾಗ ಹೆಡ್‌ಸೆಟ್ ಕಿತ್ತುಬಂದರೆ, ಮತ್ತೆ ಸೇರಿಸಿದ ಮೇಲೂ ಕನ್ಸೋಲಿನ ಧ್ವನಿ ಮರಳುವುದಿಲ್ಲ. ರೀಬೂಟ್ ಒಂದೇ ದಾರಿಯೇ?

ಓದುಗಿವಿ

ಇರಬೇಕಾದದ್ದೇ. ಮಾತು ನಿಂತು ಐದು ಸೆಕೆಂಡಾದ ಮೇಲೆ ಪಲ್ಸ್‌ಆಡಿಯೊ ಕಾರ್ಡನ್ನು ಬಿಟ್ಟುಕೊಡುತ್ತದೆ, ಆಗ ಮತ್ತೆ 1/1 ಕಾಣುತ್ತದೆ.

ರೀಬೂಟ್ ಬೇಕಿಲ್ಲ. ಕಿತ್ತುಹೋದ ಕಾರ್ಡಿನ ಹಳೆಯ ಕೊಂಡಿಯನ್ನೇ ಇಸ್ಪೀಕಪ್ ಹಿಡಿದುಕೊಂಡಿರುವುದರಿಂದ ಹೊಸದಾಗಿ ಸೇರಿಸಿದ್ದು ಅದಕ್ಕೆ ತಿಳಿಯುತ್ತಿಲ್ಲ. ‘ಸುಡೋ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಇಸ್ಪೀಕಪ್’ ಸಾಕು. ಡೆಸ್ಕ್‌ಟಾಪ್‌ನಲ್ಲಿ ಓರ್ಕಾ ಮಾತನಾಡುತ್ತಲೇ ಇರುವುದರಿಂದ ಇದನ್ನು ಮಾವನವರು ಮಾಟೆಯ ಟರ್ಮಿನಲ್‌ನಲ್ಲೇ, ಪ್ರತಿ ಅಕ್ಷರವನ್ನೂ ಕೇಳಿಸಿಕೊಂಡು ಬೆರಳಚ್ಚಿಸಬಹುದು. ಪಾಸ್‌ವರ್ಡ್ ಕೊಡುವಾಗ ಮಾತ್ರ ಏನೂ ಕೇಳಿಸುವುದಿಲ್ಲವೆಂದು ಮೊದಲೇ ಹೇಳಿಡಿ. ಮತ್ತು ಆ ಹೆಡ್‌ಸೆಟ್ಟನ್ನು ಪೆಟ್ಟಿಗೆಯ ಮುಂಭಾಗದಿಂದ ತೆಗೆದು ಹಿಂಭಾಗದ ಯುಎಸ್‌ಬಿ ರಂಧ್ರಕ್ಕೆ ಸೇರಿಸಿಬಿಡಿ, ಒರೆಸುವ ಬಟ್ಟೆ ಅಲ್ಲಿಯವರೆಗೆ ಹೋಗುವುದಿಲ್ಲ.